ಗಡಿಯಾಚೆ ಇಡದ ಕುಡಿಕೆ

ನನ್ನಕ್ಕ ಪಟ್ಟಲಮ್ಮನಷ್ಟು ಪುಕ್ಕಲು ಹೆಂಗಸನ್ನು ನಾನು ಇದುವರೆಗೆ ಕಂಡಿಲ್ಲ. ಅವಳ ತರಕಾರಿ ತೋಟ ನೋಡಿದವರು, ‘ಎಂಥ ಗಟ್ಟಿಗಿತ್ತಿ, ಒಬ್ಬಳೇ ಆ ಕಾಡು ಕಡಿದಳು’ ಎಂದು ಹೊಗಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಗಟ್ಟಿಗಿತ್ತಿಯಂತೆ! ಕಪ್ಪೆ ಹಾರಿದರೆ ಕಿರುಚುವವಳು. ಹನಕೆರೆ ಸ್ಟೇಷನ್ನಿನಲ್ಲಿ ರೈಲು ಕೂಗಿದರೆ, ಅದು ದಿನವೂ ಕೂಗುವ ರೈಲೇ ಆದರೂ, ಎದೆ ಹಿಡಿದುಕೊಳ್ಳುವವಳು. ಗಂಡ ಊಟಕ್ಕೆ ಕೂತು ಸುಮ್ಮನಿದ್ದರೆ ಉಪ್ಪು ಹೆಚ್ಚಾಯಿತೇನೋ ಎಂದು ಹೆದರುವಳು. ಮಾತಾಡಿದರೆ ಇನ್ನೇನು ಕಾದಿದೆಯೋ ಎಂದು ಹೆದರುವಳು. ನಾವಿಬ್ಬರೂ ಮಳವಳ್ಳಿ ಕಡೆಯ ಹೊಳೆದಂಡೆಯ ಊರಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಗೂಬೆ ಕೂಗಿದರೆ, ದೊಡ್ಡವಳಾದ ಅವಳು ಚಿಕ್ಕವಳಾದ ನನ್ನ ಲಂಗ ಹಿಡಿದುಕೊಳ್ಳುತ್ತಿದ್ದಳು. ಆ ತೋಟ ಬೆಳೆದದ್ದು ಧೈರ್ಯದಿಂದಲ್ಲ, ಭಯದಿಂದ. ಅದನ್ನು ಸರಿಯಾಗಿ ಹೇಳುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ.

ಅದು ಯುದ್ಧದ ಕಾಲ. ಅಕ್ಕಿಯಿಂದ ಸೀಮೆಎಣ್ಣೆಯವರೆಗೆ ಎಲ್ಲಕ್ಕೂ ಅಭಾವ. ಖಾಲಿ ಬಿದ್ದ ಜಾಗದಲ್ಲೆಲ್ಲ ಏನಾದರೂ ಬೆಳೆದುಕೊಳ್ಳಿ ಎಂದು ಸರ್ಕಾರ ಡಂಗುರ ಹೊಡೆಸಿತು. ಹನಕೆರೆಯಲ್ಲಿ ನಾಲೆಯ ಬದಿಗೆ ಬೀಳುಬಿದ್ದಿದ್ದ ಖರಾಬು ನೆಲವನ್ನು ತುಂಡು ಮಾಡಿ ಹೊಲವಿಲ್ಲದವರಿಗೆ ಕೊಟ್ಟರು. ನಮ್ಮ ಭಾವ ಬೆಟ್ಟಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಕೂಲಿ. ಕಬ್ಬು ಅರೆಯುವ ತಿಂಗಳುಗಳಲ್ಲಿ ಅಲ್ಲೇ ಉಳಿದು, ರಜದ ದಿನ ಮಾತ್ರ ಮನೆಗೆ ಬರುತ್ತಿದ್ದ. ಅಣ್ಣತಮ್ಮಂದಿರ ಪಾಲಿನಲ್ಲಿ ಅವನಿಗೆ ಬಂದದ್ದು ಒಂದು ಕೋಣೆ, ಅರ್ಧ ಜಗಲಿ. ಹಾಗಾಗಿ ಅವನಿಗೂ ಒಂದು ತುಂಡು ಸಿಕ್ಕಿತು. ಊರಿಗೆ ಹತ್ತಿರದವನ್ನೆಲ್ಲ ಉಳಿದವರು ಮೊದಲೇ ಆರಿಸಿಕೊಂಡಿದ್ದರು. ಇವರಿಗೆ ಉಳಿದದ್ದು ಕಟ್ಟಕಡೆಯದು, ಗಡಿಗೆ ತಾಗಿದ್ದು. ಅದರ ಅಂಚಿನಲ್ಲಿ ಗಡಿಕಲ್ಲು, ಕಲ್ಲು ದಾಟಿದರೆ ನನ್ನನ್ನು ಮದುವೆ ಮಾಡಿಕೊಟ್ಟ ಊರು ಕಾರೆಕೊಪ್ಪಲಿನ ಹೊಲ.

ನೆಲ ಅಳೆದುಕೊಟ್ಟ ಶೇಕ್ದಾರರು ಅಕ್ಕನ ಮುಖ ನೋಡಿ, “ಯುಗಾದಿ ಕಳೆದ ಮೇಲೆ ಬರುತ್ತೇನಮ್ಮ. ಹಸುರು ಕಾಣದಿದ್ದರೆ ಬೇರೆಯವರಿಗೆ ಕೊಡುತ್ತೇನೆ” ಎಂದಿದ್ದರು. ಅಷ್ಟು ಸಾಕಾಯಿತು. ಅಂದಿನಿಂದ ಅಕ್ಕನಿಗೆ ಶೇಕ್ದಾರರ ಸೈಕಲ್ಲಿನ ಗಂಟೆ ಕನಸಿನಲ್ಲೂ ಕೇಳತೊಡಗಿತು.

ಹಸುರೇನೋ ಅಲ್ಲಿ ಬೇಕಾದಷ್ಟಿತ್ತು, ಬೇಕಾದ ಹಸುರು ಇರಲಿಲ್ಲ ಅಷ್ಟೆ. ಆಳೆತ್ತರದ ಲಂಟಾನ, ಅದರ ಕಾಲಬುಡದಲ್ಲಿ ಪಾಪಸುಕಳ್ಳಿ, ಬದುವಿನ ಮೇಲೆ ಎಕ್ಕ, ಗಡಿಕಲ್ಲಿನ ಬಳಿ ಒಂದು ದೊಡ್ಡ ಲಕ್ಕಿ ಪೊದೆ. ಕೈಹಾಕಿದಲ್ಲೆಲ್ಲ ಮುಳ್ಳು. ಅಕ್ಕ ಕುಡುಗೋಲಿನ ಜೊತೆಗೆ ಉಣ್ಣುವ ಒಂದು ಕಂಚಿನ ತಣಿಗೆಯನ್ನೂ ಒಯ್ಯುತ್ತಿದ್ದಳು. ಹಾವುಗಳಿಗೆ ತಿಳಿಯಲೆಂದು ಅದನ್ನು ಬಡಿದು, “ಬತ್ತಾ ಇವ್ನಿ ಕಣಪ್ಪ, ಅತ್ಲಾಗ್ ಓಗಿ” ಎಂದು ಕೂಗಿ, ಕಿವಿಗೊಟ್ಟು ನಿಂತು, ಆಮೇಲೆ ಒಂದು ಕೊಂಬೆ ಕಡಿಯುವುದು, ಮತ್ತೆ ಬಡಿಯುವುದು. ಪಕ್ಕದ ತುಂಡುಗಳಲ್ಲಿ ಬದನೆ ಸಸಿ ನಾಟಿಯಾಗುತ್ತಿದ್ದಾಗ ಇವಳು ಇನ್ನೂ ತಣಿಗೆ ಬಡಿಯುತ್ತಿದ್ದಳು. ನಾನು ಆಗ ಬಸುರಿ. ಒಂದು ದಿನ ನಮ್ಮ ಕಡೆಯ ಬದುವಿನಲ್ಲಿ ನಿಂತು ಇದನ್ನು ನೋಡಿ, “ಅಕ್ಕ, ಆವುಗೊಳ್ಗೆ ಆರತಿ ಎತ್ತಕ್ಕೆ ಬಂದಿದ್ದೀಯಾ, ತ್ವಾಟ ಮಾಡಕ್ಕೆ ಬಂದಿದ್ದೀಯಾ?” ಎಂದು ನಗಾಡಿದೆ. “ನಗು ನಗು. ನಿನ್ಗೇನು, ಮೂಗಿನ್ ತುದೀಲೇ ಧೈರ್ಯ” ಎಂದು ಅವಳೂ ನಕ್ಕಳು. ಅವಳ ಮಗಳು ರೇವಿ, ಆಗ ಐದು ವರ್ಷದ ಕೂಸು, ಬದುವಿನ ಮೇಲೆ ಕೂತು ಎಕ್ಕದ ಹೂವು ಒಡೆಯುತ್ತಿತ್ತು.

ಹೀಗೆ ಕಡಿಯುತ್ತ ಕಡಿಯುತ್ತ ಒಂದು ದಿನ ಲಂಟಾನದ ನಡುಮಧ್ಯ ಕುಡುಗೋಲು ಠಣ್ಣೆಂದಿತು. ಅಕ್ಕ ಎಂದಿನಂತೆ ಕಿರುಚಿ ಹಿಂದಕ್ಕೆ ಹಾರಿದಳು. ಏನೂ ಅಲ್ಲಾಡದಿದ್ದಾಗ ಕೋಲಿನಿಂದ ಎಲೆ ಸರಿಸಿ ನೋಡಿದಳು. ಮಣ್ಣಾಗಿಹೋದ ಮೊರದ ಬಿದಿರುಕಡ್ಡಿಗಳು, ಅವುಗಳ ನಡುವೆ ಮುಚ್ಚಳ ಹಾಕಿದ ಒಂದು ಪುಟ್ಟ ಮಣ್ಣಿನ ಕುಡಿಕೆ. ಒಳಗೆ ಹಸಿರು ಗಾಜಿನ ಚಿಕ್ಕ ಬಳೆಗಳು, ಬಿಚ್ಚೋಲೆ, ಮರದ ಬಾಚಣಿಗೆ, ಕಪ್ಪುಗಟ್ಟಿದ ಕುಂಕುಮ. ಮೊರ, ಬಳೆ, ಬಿಚ್ಚೋಲೆ ಎಂದರೆ ನಮ್ಮ ತವರಿನ ಹೆಂಗಸಿಗೆ ಬೇರೆ ಅರ್ಥವೇ ಇಲ್ಲ. ಅದು ಗೌರಿಯ ಬಾಗಿನ. ಯಾರೋ ಮುತ್ತೈದೆ ನಾಲೆಯ ಗಂಗಮ್ಮನಿಗೆ ಬಾಗಿನ ಕೊಟ್ಟಿದ್ದಾಳೆ ಎಂದುಕೊಂಡಳು ಅಕ್ಕ. ಆ ಹಾಳು ನೆಲಕ್ಕೆ ಕಾಲಿಟ್ಟಾಗಿನಿಂದ ಅವಳ ಭಯ ಹೋದದ್ದು ಆ ಒಂದು ಗಳಿಗೆಯಲ್ಲೇ. ಗೌರಮ್ಮ ತಾನಾಗಿಯೇ ಕೊಟ್ಟಳು, ಇನ್ನು ಈ ನೆಲ ನನ್ನದೇ ಎನಿಸಿತು. ಬಳೆಗಳನ್ನು ನಾಲೆಯಲ್ಲಿ ತೊಳೆದು ರೇವಿಯ ಕೈಗೆ ತೊಡಿಸಿದಳು. ಮಾಡಿಸಿದಂತೆ ಕೂತವು. ರೇವಿ ದಿನವೆಲ್ಲ ಕೈ ಅಲ್ಲಾಡಿಸಿಕೊಂಡು ಓಡಾಡಿತು.

ವಾರ ಕಳೆದು ಇನ್ನಷ್ಟು ದಿನವಾದ ಮೇಲೆ ರೇವಿಯ ಮೈ ಕಾದ ಹೆಂಚಾಯಿತು. ಜ್ವರ ಇಳಿಯುವ ಹೊತ್ತಿಗೆ ಹಣೆಯ ಮೇಲೆ, ಅಂಗೈಯಲ್ಲಿ ಗುಳ್ಳೆ ಎದ್ದವು. ಮನೆಯಲ್ಲಿ ಒಗ್ಗರಣೆ ನಿಂತಿತು, ಬಾಗಿಲಿಗೆ ಬೇವಿನ ಸೊಪ್ಪು ಬಂತು. ಮಂಡ್ಯದಲ್ಲಿದ್ದ ಭಾವನಿಗೆ ಸುದ್ದಿ ಹೋಯಿತು. ಕೆಲಸ ಬಿಟ್ಟು ಬಂದರೆ ಕೂಲಿ ಬೇರೆಯವನ ಪಾಲಾಗುತ್ತದೆಂದು ಅವನು ರಜದ ದಿನಕ್ಕೆ ಕಾದ. ನನಗೆ ಯಾರೂ ಹೇಳಲಿಲ್ಲ. ಬಸುರಿಯ ಕಿವಿಗೆ ಅಂಥ ಮಾತು ಬೀಳಬಾರದು, ಬಸುರಿ ಅಂಥ ಮನೆಗೆ ಬರಬಾರದು.

ಅಮ್ಮ ಬಂದ ಮನೆಗೆ ಹೆದರದೆ ಬರುತ್ತಿದ್ದವಳು ಬೀರಜ್ಜಿ ಒಬ್ಬಳೇ. ಮಾರಮ್ಮನ ಗುಡಿ ಗುಡಿಸುವ ಮುದುಕಿ. ಊರಲ್ಲಿ ಯಾರಿಗೆ ಅಮ್ಮ ಬಂದರೂ ಬೇವು ಅರೆದು ಹಚ್ಚುವವಳು ಅವಳೇ. ಅವಳು ರೇವಿಯ ಕೈ ಎತ್ತಿ ಗುಳ್ಳೆ ನೋಡಹೋಗಿ ಬಳೆಗಳನ್ನು ನೋಡಿದಳು. ಕೈ ಹಾಗೆಯೇ ನಿಂತಿತು.

“ಇವು ಎಲ್ಲಿದ್ದೊ ಕಣವ್ವ?”

ಅಕ್ಕ ಹೇಳಿದಳು. ಕುಡಿಕೆಯನ್ನೂ ತಂದು ತೋರಿಸಿದಳು. ಬೀರಜ್ಜಿ ಅದನ್ನು ಮುಟ್ಟದೆ ಗೋಡೆಗೆ ಒರಗಿದಳು.

“ಅಯ್ಯೋ ಹುಚ್ಚುಮುಂಡೇದೆ! ಬಾಗಿನ ಅಲ್ಲ ಕಣೆ ಅದು. ಮಾರವ್ವುನ್ನ ಊರಿಂದ ಆಚ್ಗೆ ಸಾಗ್ಸಿದ್ ಮೊರ ಅದು. ಮಲ್ಗಿದ್ದೋಳ್ನ ಎಬ್ಬಿಸ್ಕೊಂಡ್ ಬಂದು ಮಗೀನ್ ಕೈಗೇ ತೊಡ್ಸಿದ್ದೀಯಲ್ಲೆ!”

ಹನಕೆರೆಯ ಸುತ್ತಿನ ಪದ್ಧತಿ ಅದು. ಊರಿಗೆ ಸಿಡುಬೋ ವಾಂತಿಭೇದಿಯೋ ಬಂದರೆ ಹೊಸ ಮೊರದಲ್ಲಿ ಕುಡಿಕೆ ಇಟ್ಟು, ಬಳೆ ಬಿಚ್ಚೋಲೆ ತುಂಬಿ, ಮಾರಮ್ಮನನ್ನು ಅದರೊಳಕ್ಕೆ ಕರೆದು, ತಮಟೆ ಬಡಿಸಿಕೊಂಡು ಹೋಗಿ ಗಡಿಯಲ್ಲಿ ಇಳಿಸಿ, ತಿರುಗಿ ನೋಡದೆ ಬರುತ್ತಾರೆ. ಆಮೇಲೆ ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ, ಅದರ ಮಾತನ್ನೂ ಎತ್ತುವುದಿಲ್ಲ. ಎತ್ತಿದರೆ ಅವಳಿಗೆ ಕೇಳಿಸುತ್ತದಂತೆ. ಆ ತುಂಡು ಅಷ್ಟು ಕಾಡಾಗಿದ್ದದ್ದು ಅದಕ್ಕೇ. ಊರವರು ಬಾಯಿ ಮುಚ್ಚಿಕೊಂಡು ಅದನ್ನು ನನ್ನಕ್ಕನಿಗೆ ಬಿಟ್ಟದ್ದೂ ಅದಕ್ಕೇ. ನಮ್ಮ ಹೊಳೆದಂಡೆಯಲ್ಲಾದರೆ ಮಾರಿಯನ್ನು ಹರಿಯುವ ನೀರಿಗೆ ಬಿಡುತ್ತಾರೆ, ಎಲ್ಲೂ ಇಡುವುದಿಲ್ಲ. ಹೊರಗಿನಿಂದ ಬಂದ ಸೊಸೆಗೆ ಇದು ಹೇಗೆ ತಿಳಿಯಬೇಕು? ನಮ್ಮ ಭಾವನಿಗೆ ಮಾತ್ರ ಎಲ್ಲವೂ ತಿಳಿದಿತ್ತು. ಹೇಳಿದರೆ ಹೆಂಡತಿ ಆ ಕಡೆ ತಲೆಯೂ ಹಾಕುವುದಿಲ್ಲ, ಸಿಕ್ಕ ನೆಲ ಕೈತಪ್ಪುತ್ತದೆ ಎಂದು ಮಹರಾಯ ತೆಪ್ಪಗಿದ್ದ. ಆ ಕಾರಣಕ್ಕೆ ನಾನು ಅವನೊಡನೆ ಬಹಳ ಕಾಲ ನೆಟ್ಟಗೆ ಮಾತಾಡಲಿಲ್ಲ.

ನನ್ನನ್ನು ಕೇಳಿದರೆ ಸಿಡುಬು ಬಂದದ್ದು ಬಳೆಯಿಂದಲ್ಲ. ಹಿಂದಿನ ವರ್ಷ ಸಿಡುಬು ತಡೆಯುವ ದಾಕು ಹಾಕುವವನು ಊರಿಗೆ ಬಂದಾಗ, ಅವನ ಸೂಜಿಗೆ ಹೆದರಿ ನನ್ನಕ್ಕ ರೇವಿಯನ್ನು ರಾಗಿ ವಾಡೆಯೊಳಗೆ ಬಚ್ಚಿಟ್ಟಿದ್ದಳು. ಅದರಿಂದ ಬಂತು. ನಾನು ಇದನ್ನು ಸಾವಿರ ಸಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಆ ಮಧ್ಯಾಹ್ನ ಅಕ್ಕನ ಮುಂದೆ ನಾನಿರಲಿಲ್ಲ, ಬೀರಜ್ಜಿ ಇದ್ದಳು.

“ತಿರ್ಗಾ ಅಲ್ಲೇ ಮಡಗ್ಬುಟ್ರೆ ಆಗಕ್ಕಿಲ್ವಾ ಅಜ್ಜಿ?” ಎಂದಳು ಅಕ್ಕ.

“ಎದ್ದೋಳು ಅದೇ ಜಾಗ್ದಲ್ಲಿ ಮಲ್ಗಾಳಾ? ಎತ್ತಿದೋಳೇ ಮುಂದ್ಕೆ ಸಾಗುಸ್ಬೇಕು. ಬಳೆ ತೆಗ್ದು ಕುಡ್ಕೆಗಾಕು. ದೀಪ ಅಚ್ಚೋ ಒತ್ಗೆ ಗಡಿಕಲ್ ದಾಟ್ಸಿ, ಆ ಕಡೆ ಊರಿನ್ ನೆಲ್ದಾಗ್ ಇಟ್ಬುಟ್ಟು, ತಿರುಗ್ ನೋಡ್ದಂಗೆ ಬಾ. ಆ ಊರ್ಗೆ ಓಯ್ತಾಳೆ, ನಿನ್ ಮಗು ಉಳೀತದೆ.”

“ಆ ಕಡೆ ಕಾರೆಕೊಪ್ಲು ಕಣಜ್ಜಿ. ನನ್ ತಂಗಿ ಅವ್ಳೆ ಅಲ್ಲಿ. ತುಂಬಿದ್ ಬಸ್ರಿ.”

ಬೀರಜ್ಜಿ ಕೆಟ್ಟವಳಲ್ಲ. ಆದರೆ ಮಾತು ಕಡ್ಡಿ ಮುರಿದಂತೆ. “ನಿನ್ ತಂಗಿ ಬಸ್ರು ನನ್ಗೊತ್ತಿಲ್ಲ. ನಿನ್ ಮಗೀನ್ ಕಣ್ ಮುಚ್ಕೋತಾ ಅವೆ, ಅದ್ ನನ್ಗೆ ಕಾಣ್ತದೆ. ನಾನ್ ಇಲ್ ಕೂತಿರ್ತೀನಿ. ಓಗಿ ಬಾ” ಎಂದಳು.

ಅಕ್ಕ ಬಳೆ ತೆಗೆದಳು. ಗುಳ್ಳೆ ಎದ್ದ ಕೈಯಿಂದ ಬಳೆ ತೆಗೆಯುವುದು ಸುಲಭವಲ್ಲ. ರೇವಿ ಅಳಲೂ ಇಲ್ಲ, ಅದಕ್ಕೆ ಅಷ್ಟು ಎಚ್ಚರವಿರಲಿಲ್ಲ. ಆ ಅಳದಿದ್ದದ್ದೇ ಅಕ್ಕನ ಕಾಲಿಗೆ ಶಕ್ತಿ ಕೊಟ್ಟಿತು. ಹೊಸ ಮೊರದಲ್ಲಿ ಕುಡಿಕೆ ಇಟ್ಟು ತಲೆಯ ಮೇಲೆ ಹೊತ್ತು, ಸೂರ್ಯ ಮುಳುಗುವಾಗ ನಾಲೆಯ ಏರಿ ಹಿಡಿದಳು. ಹಾವಿಗೆ ತಣಿಗೆ ಬಡಿಯುವವಳು ಅಂದು ಬರಿಗೈಯಲ್ಲಿ, ಬರಿಗಾಲಲ್ಲಿ ಆ ಮುಳ್ಳಿನ ನಡುವೆ ಹೋದಳು. ನಡೆದಂತೆಲ್ಲ ತಲೆಯ ಮೇಲೆ ಬಳೆ ಕಿಣಿಕಿಣಿ ಎನ್ನುತ್ತಿದ್ದವು. ಯಾರೋ ತನ್ನ ಮೇಲೆ ಕೂತು ಬರುತ್ತಿದ್ದಾರೆ ಎನಿಸಿತಂತೆ. ಕತ್ತು ತಿರುಗಿಸಲೂ ಹೆದರಿಕೆ, ನಿಲ್ಲಲೂ ಹೆದರಿಕೆ. ‘ರೇವಿ, ರೇವಿ’ ಎಂದು ಮಗಳ ಹೆಸರನ್ನೇ ಹೇಳಿಕೊಂಡು ಗಡಿಕಲ್ಲು ದಾಟಿದಳು. ಮೊರವನ್ನು ತಲೆಯಿಂದ ಇಳಿಸಿದಳು. ಇನ್ನು ನೆಲಕ್ಕೆ ಇಡುವುದಷ್ಟೇ ಬಾಕಿ.

ಆಗ ಏರಿಯ ಆ ಕಡೆಯಿಂದ ಬಿಂದಿಗೆ ಹೊತ್ತು ಒಬ್ಬಳು ಬಂದಳು. ಅವಳು ನಾನು.

ನಮ್ಮೂರಿನ ಬಾವಿಯ ನೀರು ಉಪ್ಪು. ಕುಡಿಯಲು ನಾಲೆಯ ತೂಬಿನಿಂದಲೇ ತರಬೇಕಿತ್ತು. ಅಂದು ಯಾಕೋ ತಡವಾಗಿತ್ತು. ಅಕ್ಕ ನನ್ನನ್ನು ಗುರುತು ಹಿಡಿದು, ಮೊರವನ್ನು ಎದೆಗವಚಿಕೊಂಡು ಲಕ್ಕಿ ಪೊದೆಯ ಒಳಕ್ಕೆ ಸರಿದು ಕೂತಳು. ನಾನು ತೂಬಿನ ಬಳಿ ಬಿಂದಿಗೆ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ಹೊಟ್ಟೆ ಸವರಿಕೊಂಡು, ಒಳಗಿದ್ದವನಿಗೆ, “ಅಬ್ಬಬ್ಬ, ಎಷ್ಟ್ ಒದೀತೀಯ, ನಿಮ್ಮಪ್ಪನ್ ಬುದ್ಧೀನೆ” ಎಂದೆ. ಅದೂ ಅವಳಿಗೆ ಕೇಳಿಸಿತು.

ಅವಳು ಮೊರವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಬಳೆ ಕಿಣಿ ಎಂದವು.

ಸಂಜೆಗತ್ತಲು, ಗಡಿಯ ಲಕ್ಕಿ ಪೊದೆ, ಯಾರೂ ಇಲ್ಲದಲ್ಲಿ ಬಳೆಯ ಸದ್ದು! ಮೂಗಿನ ತುದಿಯ ಧೈರ್ಯವೆಲ್ಲ ಎಲ್ಲಿಗೆ ಹೋಯಿತೋ. ಬಿಂದಿಗೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಎದ್ದೆನೋ ಬಿದ್ದೆನೋ ಎಂದು ಓಡಿದೆ. ಮನೆ ಮುಟ್ಟುವಾಗ ನಾಲಿಗೆ ಒಣಗಿತ್ತು. ನಮ್ಮತ್ತೆ ನಿವಾಳಿಸಿ, ಕೈಗೆ ತಾಯಿತ ಕಟ್ಟಿದರು.

ಅಕ್ಕ ಎಷ್ಟು ಹೊತ್ತು ಆ ಪೊದೆಯಲ್ಲಿ ಕೂತಿದ್ದಳೋ ಅವಳಿಗೇ ತಿಳಿಯದು. ನಾನು ಹೋಗಿದ್ದೆ, ಈಗ ಇಟ್ಟು ಹೋಗಬಹುದಿತ್ತು. ನೋಡುವವರು ಯಾರೂ ಇರಲಿಲ್ಲ. ಮನೆಯಲ್ಲಿ ಮಗಳು ಕಣ್ಣು ಮುಚ್ಚುತ್ತಿದ್ದಳು. ಅವಳು ಇದನ್ನು ನಂಬಿದ್ದಳು, ಅದನ್ನು ಮರೆಯಬೇಡಿ. ಈ ಮೊರ ವಾಪಸ್ಸು ಹೊತ್ತರೆ ಮಗಳನ್ನು ಕೈಯಾರೆ ಮಾರಮ್ಮನಿಗೆ ಒಪ್ಪಿಸಿದಂತೆ ಎಂದು, ಬೆಳಗಾದರೆ ಹೊತ್ತು ಮೂಡುತ್ತದೆ ಎಂಬುದನ್ನು ನಂಬಿದ ಹಾಗೆ ನಂಬಿದ್ದಳು. ನಂಬಿಯೂ ಮೊರವನ್ನು ಮತ್ತೆ ತಲೆಗೇರಿಸಿ ಗಡಿಕಲ್ಲಿನ ಈಚೆಗೆ ಬಂದಳು.

ಮನೆಗೆ ಒಯ್ಯುವಂತಿಲ್ಲ, ಗಡಿಯಲ್ಲಿ ಬಿಡುವಂತಿಲ್ಲ. ತನ್ನ ತುಂಡಿನ ನಡುಮಧ್ಯ, ಕುಡಿಕೆ ಸಿಕ್ಕಿದ್ದಲ್ಲಿಂದ ಸ್ವಲ್ಪ ಈಚೆಗೆ, ಮರೆತು ಬಿಟ್ಟಿದ್ದ ಗುದ್ದಲಿಯಿಂದ ಕುಡಿಕೆ ಮುಚ್ಚುವಷ್ಟು ಗುಂಡಿ ತೋಡಿದಳು. ಕುಡಿಕೆ ಇಳಿಸಿ ಮಣ್ಣು ಮುಚ್ಚಿ, ಅದರ ಮೇಲೆ ಹಣೆ ಇಟ್ಟಳು.

“ತಾಯಿ, ಎಬ್ಬಿಸ್ದೋಳು ನಾನು. ನನ್ ಮೇಲೇ ಇರು. ಬಿಸಿಯಾದ್ರೆ ತಣ್ಣೀರು ಊಯ್ತೀನಿ, ದಿನಾ ಊಯ್ತೀನಿ, ಒಂದ್ ದಿನ್ವೂ ತಪ್ಸಕ್ಕಿಲ್ಲ. ಆ ಕಡೆ ಮಾತ್ರ ಓಗ್ಬ್ಯಾಡ ಕಣವ್ವ.”

ನಾಲೆಯಿಂದ ಬೊಗಸೆಯಲ್ಲಿ ನೀರು ತಂದು ತಂದು ಹೊಯ್ದಳು. ಮನೆಗೆ ಹೋದಾಗ ಬೀರಜ್ಜಿ, “ಇಟ್ಟಾ?” ಎಂದಳು. “ಇಟ್ಟೆ” ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಆಮೇಲೆ ಬೆಳಗಾಗುವವರೆಗೆ ಮಗಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತ ಕೂತಳು.

ರೇವಿ ಉಳಿಯಿತು. ಎಡಗಣ್ಣು ಉಳಿಯಲಿಲ್ಲ, ಗುಳ್ಳೆ ಕಣ್ಣೊಳಗೂ ಎದ್ದು, ಆರಿದಾಗ ಬಿಳಿ ಪೊರೆ ಬಿಟ್ಟು ಹೋಯಿತು. ಅದೇ ತಿಂಗಳು ನನ್ನ ಮಗ ಪುಟ್ಟಸ್ವಾಮಿ ಹುಟ್ಟಿದ, ಗುಂಡುಕಲ್ಲಿನಂತೆ. ನನ್ನ ಬಾಣಂತನ ಮುಗಿದ ಮೇಲೆ ಅಕ್ಕ ಬಂದು, ಮಗುವನ್ನು ಎತ್ತಿಕೊಳ್ಳದೆ, ದೂರದಿಂದಲೇ ಅದರ ಎರಡು ಕಣ್ಣುಗಳನ್ನೂ ಬಹಳ ಹೊತ್ತು ನೋಡಿದಳು. ದೃಷ್ಟಿಯಾಗುತ್ತದೆಂದು ನಮ್ಮತ್ತೆ ಗೊಣಗಿದರು.

ತೋಟವಾದದ್ದು ಹೀಗೆ. ದಿನವೂ ನೀರು ಹೊಯ್ಯುತ್ತೇನೆಂದು ಮಾತು ಕೊಟ್ಟಮೇಲೆ ದಿನವೂ ಹೋಗಲೇಬೇಕು. ದಿನವೂ ಹೋಗಲು ದಾರಿ ಬೇಕು, ಹಾಗಾಗಿ ಲಂಟಾನ ಕಡಿದಳು. ಹೊಯ್ದ ನೀರು ಹರಿದಲ್ಲೆಲ್ಲ ನೆಲ ಮೆತ್ತಗಾಯಿತು, ಅಲ್ಲಿ ದಂಟು ಚೆಲ್ಲಿದಳು. ಯಾರೂ ತುಳಿಯದಿರಲೆಂದು ಆ ಗುಂಡಿಯ ಮೇಲೆ ಮಣ್ಣು ಏರಿಸಿ ಕುಂಬಳದ ಬೀಜ ಊರಿದಳು. ಯುಗಾದಿ ಕಳೆದು ಶೇಕ್ದಾರರು ಬಂದಾಗ ದಂಟು ಗೇಣುದ್ದ ಎದ್ದಿತ್ತು, ಕುಂಬಳದ ಬಳ್ಳಿ ಬದು ಹಿಡಿದಿತ್ತು. “ಪರವಾಗಿಲ್ವೇ!” ಎಂದರು ಅವರು. ಆಮೇಲೆ ಬದನೆ ಬಂತು, ಹೀರೆ ಬಂತು, ಅವರೆ ಬಂತು. ಮಳೆ ಸುರಿಯುವಾಗಲೂ ಅಕ್ಕ ಒಂದು ಚೆಂಬು ನೀರು ಹಿಡಿದು ಆ ಗುಡ್ಡೆಗೆ ಹೊಯ್ಯಲು ಹೋಗುವುದನ್ನು ನೋಡಿ ಊರವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ. ಕುಂಬಳಕಾಯಿಯ ಮೇಲೆ ಅವಳಿಗೆ ಪ್ರಾಣ ಎಂದುಕೊಂಡಿದ್ದೆವು.

ಇನ್ನೊಂದು ಸಂಗತಿ. ಲಕ್ಕಿ ಪೊದೆಯ ದೆವ್ವದ ಕತೆ ನನ್ನ ಬಾಯಲ್ಲಿ ವರ್ಷ ವರ್ಷ ಬೆಳೆಯುತ್ತ ಹೋಗಿ, ಬಳೆಯ ಜೊತೆಗೆ ಗೆಜ್ಜೆಯೂ ಬಂತು, ಬಿಳಿ ಸೀರೆಯೂ ಬಂತು. ಹಬ್ಬಕ್ಕೆ ಸೇರಿದಾಗಲೆಲ್ಲ ಮಕ್ಕಳು ಕೇಳುತ್ತಿದ್ದವು, ನಾನು ಹೇಳುತ್ತಿದ್ದೆ. ದೆವ್ವದ ಸುದ್ದಿ ಎಂದರೆ ಕಿವಿ ಮುಚ್ಚಿಕೊಳ್ಳುವ ಅಕ್ಕ ಈ ಕತೆಗೆ ಮಾತ್ರ ಎದ್ದು ಹೋಗುತ್ತಿರಲಿಲ್ಲ. ಅಕ್ಕಿ ಆರಿಸುತ್ತ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಸ್ವಾತಂತ್ರ್ಯ ಬಂದ ವರ್ಷ, ಗೌರಿಹಬ್ಬ ಮುಗಿದ ಮೇಲೆ, ಅವರೆಕಾಯಿಯ ಕಾಲದಲ್ಲಿ ಮಗನನ್ನು ಕರೆದುಕೊಂಡು ಅವಳ ತೋಟಕ್ಕೆ ಹೋಗಿದ್ದೆ. ನಾನು, ಅಕ್ಕ, ರೇವಿ ಕಾಯಿ ಬಿಡಿಸುತ್ತಿದ್ದೆವು. ಪುಟ್ಟಸ್ವಾಮಿ, ನೀರು ಹೊಯ್ದು ಹೊಯ್ದು ಕರಗಿದ್ದ ಕುಂಬಳದ ಗುಡ್ಡೆ ಹತ್ತಿ ಕೋಲಿನಿಂದ ಕೆದಕುತ್ತಿದ್ದ. “ಅವ್ವ, ಇಲ್ಲೊಂದ್ ಕುಡ್ಕೆ ಅದೆ!” ಎಂದ.

ಅಕ್ಕ ಕೂಗಿದ ಆ ಕೂಗನ್ನು ನಾನು ಮತ್ತೆ ಕೇಳಿಲ್ಲ. ಮಡಿಲ ಕಾಯಿಯೆಲ್ಲ ಚೆಲ್ಲಿ ಓಡಿ, ಹುಡುಗನನ್ನು ಬಾಚಿ ಎತ್ತಿ, ನಾಲೆಗೆ ಒಯ್ದು ಅವನ ಕೈ ತೊಳೆದಳು, ಮತ್ತೆ ತೊಳೆದಳು. ಹುಡುಗ ಹೆದರಿ ಅತ್ತ. ನನಗೆ ರೇಗಿತು. “ಏನಕ್ಕ ನಿಂದು, ಒಂದ್ ಮಡಕೆ ಚೂರ್ಗೆ ಇಷ್ಟು ರಂಪ?” ಎಂದೆ. ಅವಳು ಅವನ ಕೈ ಬಿಡದೆ, ತಗ್ಗಿದ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಇಷ್ಟು ವರ್ಷ ತಣ್ಣೀರು ಹೊಯ್ದದ್ದು ಏಕೆಂದೂ ಹೇಳಿದಳು. ಮಾರಮ್ಮ ಬಿಸಿಯಾಗಿ ಎದ್ದರೆ ಹತ್ತಿರದ ಊರು ನಮ್ಮ ಕಾರೆಕೊಪ್ಪಲೇ.

ಆ ಕಡೆ ರೇವಿ ತನ್ನ ಒಂದೇ ಕಣ್ಣಿನಿಂದ, ಚೆಲ್ಲಿದ ಅವರೆಕಾಯಿಯನ್ನು ಹುಲ್ಲಿನೊಳಗೆ ಹುಡುಕಿ ಹುಡುಕಿ ಆಯುತ್ತಿತ್ತು. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

“ದಾಕು ಆಕುಸ್ದೆ ಬಂದಿದ್ ಕಾಯ್ಲೆ ಕಣಕ್ಕ ಅದು! ಮಾರಿನೂ ಇಲ್ಲ ಮಣ್ಣೂ ಇಲ್ಲ. ಆದ್ರೆ ನೀನ್ ನಂಬಿದ್ದೆ ತಾನೆ? ನಂಬಿದ್ಮೇಲೆ ಯಾಕ್ ಇಟ್ ಓಗ್ಲಿಲ್ಲ? ಅಷ್ಟ್ ಪುಕ್ಲಿ ನೀನು, ಅವತ್ತ್ ಎಲ್ಲಿಂದ ಬಂತು ಆ ಧೈರ್ಯ?”

“ಧೈರ್ಯ ಎಲ್ ಬಂತು ಮಂಗ್ಳಿ,” ಎಂದಳು ಅಕ್ಕ, ಹುಡುಗನ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸುತ್ತ. “ಎದ್ರಿಕೆ ಆಯ್ತು ಕಣೆ. ಇಟ್ಬುಟ್ಟಿದ್ರೆ ಆಮ್ಯಾಕೆ ನಿನ್ ಮೊಕ ಎಂಗ್ ನೋಡ್ಲಿ ಅಂತ.”